ರಟ್ಟಿಲ್ಲದ ಪುಸ್ತಕ: ಇ-ಪುಸ್ತಕವೂ ಕೇರಿಯ ಓದುಗರೂ

1

ಎರಡು ವರ್ಷದ ಹಿಂದೆ ನಾನು ಪಾಠ ಹೇಳುವ ಕಾಲೇಜಿನಲ್ಲಿ ಅಂಬೇಡ್ಕರರ 'ಜಾತಿ ವಿನಾಶ'ದ ಬಗ್ಗೆ ಮಾತಾಡಬೇಕಾಗಿ ಬಂತು. ಪಠ್ಯದಲ್ಲಿ ಇದ್ದದ್ದು ಅದರ ಒಂದು ತುಣುಕು ಮಾತ್ರ. ಇಡೀ ಪುಸ್ತಕ ಓದಿಕೊಂಡು ಬನ್ನಿ ಅಂದೆ. ಗ್ರಂಥಾಲಯದಲ್ಲಿ ಒಂದೇ ಪ್ರತಿ, ಅದೂ ಗಾಜಿನ ಬೀರುವಿನೊಳಗೆ, ಬೀಗದ ಹಿಂದೆ. "ಅದು ರೆಫರೆನ್ಸು ಮೇಡಮ್, ಹೊರಕ್ಕೆ ಕೊಡಂಗಿಲ್ಲ" ಎಂಬ ಉತ್ತರ ಬಂತು. ತರಗತಿಯಲ್ಲಿದ್ದವರು ನಲವತ್ತೆರಡು ಜನ. ಸಂಜೆಯೊಳಗೆ ಒಬ್ಬ ಹುಡುಗ ಎಲ್ಲಿಂದಲೋ ಅದರ ಕನ್ನಡ ಅನುವಾದದ ಪಿಡಿಎಫ್ ಹುಡುಕಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಬೀರುವಿನ ಬೀಗ ಹಾಗೇ ಇತ್ತು, ಪುಸ್ತಕ ಮಾತ್ರ ಹೊರಗೆ ಬಂದಿತ್ತು. ಆ ರಾತ್ರಿ ನನಗೆ ಹಬ್ಬ ಮಾಡಿದಷ್ಟು ಸಂತೋಷವಾಗಿತ್ತು.

ಮುಂದಿನ ವಾರ ಎಷ್ಟು ಜನ ಓದಿದಿರಿ ಅಂತ ಕೇಳಿದೆ. ಆರು ಕೈಗಳು ಎದ್ದವು.

ಬೈಯುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ ಅಂತ ಹೇಳಿ ಒಬ್ಬೊಬ್ಬರನ್ನೇ ವಿಚಾರಿಸಿದೆ. "ಅಕ್ಷರ ಇರುವೆ ಸಾಲಿದ್ದಂಗವೆ ಮೇಡಮ್, ದೊಡ್ಡದು ಮಾಡುದ್ರೆ ಸಾಲು ಆಚೆಗೋಯ್ತದೆ" ಎಂದ ಒಬ್ಬ. "ಫೋನು ನಮ್ಮಣ್ಣಂದು. ಅವನು ಗಾರೆ ಕೆಲಸಕ್ಕೆ ತಗೊಂಡೋಯ್ತನೆ. ರಾತ್ರಿ ಒಂಬತ್ತಾದ್ಮೇಲೆ ಸಿಕ್ಕುದ್ರೆ ಸಿಕ್ತು" ಎಂದಳು ಒಬ್ಬಳು. ಇನ್ನೊಬ್ಬನ ಫೋನಿನಲ್ಲಿ ಜಾಗವೇ ಇರಲಿಲ್ಲ. ಫೈಲು ಅರ್ಧಕ್ಕೆ ಇಳಿದು ನಿಂತುಬಿಟ್ಟಿತ್ತು. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಮಾತ್ರ ತಣ್ಣಗೆ, "ಅದರಲ್ಲಿ ಅಕ್ಷರವೇ ಇಲ್ಲ ಮೇಡಮ್, ಬರೀ ಚಿತ್ರ ಇದೆ" ಎಂದ. ಆ ಮಾತು ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು.

ಕನ್ನಡದಲ್ಲಿ 'ಮುಟ್ಟು' ಎಂಬ ಕ್ರಿಯಾಪದಕ್ಕೆ ತಲುಪು ಎಂತಲೂ ಅರ್ಥವಿದೆ. ಕಾಗದ ಮುಟ್ಟಿತೇ, ಹಣ ಮುಟ್ಟಿತೇ ಎಂದು ಕೇಳುತ್ತೇವೆ. ಮುಟ್ಟಬಾರದವರು ಎನಿಸಿಕೊಂಡ ಜನಕ್ಕೆ ಪುಸ್ತಕ ಮುಟ್ಟುವುದು ಎಂದರೇನು ಎಂಬುದು ಹಾಗಾಗಿ ಬರೀ ತಂತ್ರಜ್ಞಾನದ ಪ್ರಶ್ನೆಯಲ್ಲ. ಇ-ಪುಸ್ತಕ ಬಂದಮೇಲೆ ಜ್ಞಾನ ಎಲ್ಲರಿಗೂ ಸಮನಾಗಿ ಸಿಗುತ್ತಿದೆ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ತಲುಪುವುದು ಬೇರೆ, ಒದಗುವುದು ಬೇರೆ ಎಂಬ ಸರಳ ವ್ಯತ್ಯಾಸವನ್ನು ಈ ಮಾತು ಮರೆಸುತ್ತದೆ. ನನ್ನ ತರಗತಿಯಲ್ಲಿ ಪುಸ್ತಕ ನಲವತ್ತೆರಡು ಜನರನ್ನು ತಲುಪಿತ್ತು, ಆರು ಜನಕ್ಕೆ ಒದಗಿತ್ತು. ಉಳಿದ ಮೂವತ್ತಾರು ಜನರ ಲೆಕ್ಕ ದಲಿತ ವಿಮರ್ಶೆಯ ಲೆಕ್ಕವೂ ಹೌದು ಎಂದು ನಾನು ತಿಳಿದಿದ್ದೇನೆ.

2

ಇ-ಪುಸ್ತಕ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳಿವೆ. ಈ ಭೇದ ತಿಳಿಯದಿದ್ದರೆ ಮುಂದಿನ ಮಾತು ಸಿಕ್ಕಾಗುತ್ತದೆ.

ಮೊದಲನೆಯದು ಪುಟದ ಫೋಟೋ. ಹಳೆಯ ಪುಸ್ತಕವನ್ನು ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಿ ಜೋಡಿಸಿದ್ದು. ನಮ್ಮ ಕಣ್ಣಿಗೆ ಅದರಲ್ಲಿ ಅಕ್ಷರ ಕಾಣುತ್ತದೆ, ಯಂತ್ರಕ್ಕೆ ಅದು ಬರೀ ಕಪ್ಪು ಬಿಳುಪು ಚುಕ್ಕಿಗಳ ರಾಶಿ. ಒಂದು ಪದವನ್ನು ಹುಡುಕು ಎಂದರೆ ಅದಕ್ಕೆ ಆಗುವುದಿಲ್ಲ, ಓದಿ ಹೇಳು ಎಂದರೂ ಆಗುವುದಿಲ್ಲ. ನನ್ನ ವಿದ್ಯಾರ್ಥಿ 'ಬರೀ ಚಿತ್ರ ಇದೆ' ಎಂದದ್ದು ಇದನ್ನೇ. ಕನ್ನಡದ ಹಳೆಯ ಪುಸ್ತಕಗಳಲ್ಲಿ ಜಾಲದಲ್ಲಿ ಸಿಗುವ ಬಹುಪಾಲು ಈ ಜಾತಿಯವು.

ಎರಡನೆಯದು ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸಿ ಮಾಡಿದ ಪಿಡಿಎಫ್. 1993ರಲ್ಲಿ ಅಡೋಬಿ ಕಂಪನಿ ಈ ಮಾದರಿಯನ್ನು ಹೊರತಂದಾಗ ಅದರ ಉದ್ದೇಶ ಓದುಗನ ಅನುಕೂಲವಾಗಿರಲಿಲ್ಲ. ಯಾವ ಯಂತ್ರದಲ್ಲಿ ತೆರೆದರೂ ಪುಟ ಅಚ್ಚಿನಲ್ಲಿದ್ದ ಹಾಗೇ ಕಾಣಬೇಕು ಎಂಬುದಷ್ಟೇ ಆಗಿತ್ತು. ಅಂದರೆ ಅದು ಪುಟಕ್ಕೆ ನಿಷ್ಠೆಯುಳ್ಳದ್ದು, ಪರದೆಗಲ್ಲ. ದೊಡ್ಡ ಹಾಳೆಯನ್ನು ಅಂಗೈ ಅಗಲದ ಪರದೆಗೆ ಇಳಿಸಿದರೆ ಇರುವೆ ಸಾಲು ಆಗದೆ ಇನ್ನೇನಾದೀತು?

ಮೂರನೆಯದು ಇಪಬ್ ಎಂಬ ಮಾದರಿ. 2007ರಲ್ಲಿ ಪ್ರಕಾಶಕರ ಅಂತರರಾಷ್ಟ್ರೀಯ ಕೂಟವೊಂದು ಇದನ್ನು ಎಲ್ಲರಿಗೂ ಮುಕ್ತವಾದ ಮಾನಕವಾಗಿ ಒಪ್ಪಿತು. ಇದರಲ್ಲಿ ಪುಟವೆಂಬುದೇ ಸ್ಥಿರವಲ್ಲ. ನೀರು ಪಾತ್ರೆಯ ಆಕಾರ ಪಡೆಯುವ ಹಾಗೆ ಅಕ್ಷರ ಪರದೆಯ ಅಗಲಕ್ಕೆ ಹರಿದುಕೊಳ್ಳುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ಆಚೆ ಹೋಗುವುದಿಲ್ಲ, ಕೆಳಕ್ಕಿಳಿಯುತ್ತದೆ. ಪಠ್ಯ ಮಾತ್ರವೇ ಇದ್ದರೆ ಇಡೀ ಕಾದಂಬರಿ ಒಂದೆರಡು ಫೋಟೋಗಳಷ್ಟು ಜಾಗದಲ್ಲಿ ಕೂರುತ್ತದೆ. ಅಗ್ಗದ ಫೋನಿಗೆ, ಕಡಿಮೆ ಡೇಟಾಕ್ಕೆ, ಮಂಜುಗಣ್ಣಿಗೆ, ಕಾಣದ ಕಣ್ಣಿಗೆ ಹೇಳಿ ಮಾಡಿಸಿದ್ದು ಇದು. ನಮ್ಮಲ್ಲಿ ಅತಿ ಕಡಿಮೆ ಇರುವುದೂ ಇದೇ.

ಇದಕ್ಕೆ ಕಾರಣ ಬರೀ ಸೋಮಾರಿತನವಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ನಮ್ಮ ಪುಸ್ತಕಗಳು ಬಹಳ ವರ್ಷ ಹಳೆಯ ಫಾಂಟುಗಳಲ್ಲೇ ತಯಾರಾದವು. ಅಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಹೊದಿಸಿರುತ್ತಾರೆ. ನೋಡಲು ಕನ್ನಡ, ಒಳಗೆ ಇನ್ನೇನೋ. ಅದನ್ನು ಎತ್ತಿ ಬೇರೆ ಕಡೆ ಇಟ್ಟರೆ ಅರ್ಥವಿಲ್ಲದ ಗೀಚು ಬರುತ್ತದೆ. ದೊಡ್ಡ ಪ್ರಕಾಶಕರು ಇವನ್ನೆಲ್ಲ ಮತ್ತೆ ಪರಿವರ್ತಿಸಿಕೊಳ್ಳಬಲ್ಲರು. ಕೈಯಿಂದ ದುಡ್ಡು ಹಾಕಿ ಐನೂರು ಪ್ರತಿ ಅಚ್ಚು ಹಾಕಿಸಿದ ದಲಿತ ಲೇಖಕನ ಕಡತ ಎಲ್ಲಿರುತ್ತದೆ? ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ. ಅಂಗಡಿ ಮುಚ್ಚಿದರೆ, ಕಂಪ್ಯೂಟರು ಕೆಟ್ಟರೆ ಕಡತವೂ ಹೋಯಿತು. ಆಗ ಉಳಿಯುವುದು ಯಾರದೋ ಮನೆಯ ಒಂದು ಪ್ರತಿ, ಅದರ ಫೋಟೋ.

3

ಇಲ್ಲಿ ಒಂದು ಹಳೆಯ ಪ್ರಕಾಶನದ ಕಥೆಯನ್ನು ನೆನೆಯಬೇಕು. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಪ್ರತಿ ನೋಡಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ವೇದಿಕೆ ಇಲ್ಲವಾದಾಗ ಅಂಬೇಡ್ಕರ್ ಅದನ್ನು ತಾವೇ ಅಚ್ಚು ಹಾಕಿಸಿದರು. ಅವರು 1937ರಲ್ಲಿ ಎರಡನೇ ಆವೃತ್ತಿಗೆ ಬರೆದ ಮುನ್ನುಡಿಯ ಪ್ರಕಾರ, 1500 ಇಂಗ್ಲಿಷ್ ಪ್ರತಿಗಳು ಎರಡೇ ತಿಂಗಳಲ್ಲಿ ಮುಗಿದವು. ಆಗಲೇ ಗುಜರಾತಿ, ತಮಿಳಿಗೆ ಅನುವಾದವಾಗಿತ್ತು. ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂ ಅನುವಾದಗಳು ನಡೆದಿದ್ದವು. ಆ ಪಟ್ಟಿಯಲ್ಲಿ ಕನ್ನಡವಿಲ್ಲ.

ಎಂಬತ್ತು ವರ್ಷ ದಾಟಿ ಬನ್ನಿ. ಅಮೆಜಾನ್ ಕಂಪನಿಯ ಕಿಂಡಲ್ 2007ರಲ್ಲಿ ಅಮೆರಿಕದಲ್ಲಿ ಬಂತು. 2016ರ ಡಿಸೆಂಬರಿನಲ್ಲಿ ಆ ಕಂಪನಿ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಮಾರಲು ಶುರು ಮಾಡಿದಾಗ ಆರಿಸಿಕೊಂಡದ್ದು ಐದು ಭಾಷೆ: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಪಂಜಾಬಿಯೊಂದನ್ನು ಬಿಟ್ಟರೆ 1937ರ ಪಟ್ಟಿಯೇ. ಎರಡಕ್ಕೂ ಕಾರಣಗಳು ಬೇರೆ; ಒಂದರಲ್ಲಿ ಚಳವಳಿಯ ನಂಟು, ಇನ್ನೊಂದರಲ್ಲಿ ಸಂತೆಯ ಲೆಕ್ಕ. ಇದನ್ನು ಯಾರ ಸಂಚು ಅಂತಲೂ ನಾನು ಹೇಳುತ್ತಿಲ್ಲ. ಆದರೆ ಹೊಸ ವಾಹನ ಹೊರಡುವಾಗ ಕನ್ನಡದ ಓದುಗ ಎರಡು ಸಲವೂ ನಿಲ್ದಾಣದಲ್ಲೇ ಉಳಿದ. ಆಮೇಲೆ ಮೈಲ್ಯಾಂಗ್‌ನಂಥ ಕನ್ನಡಿಗರೇ ಕಟ್ಟಿದ ಆ್ಯಪ್‌ಗಳು ಬಂದು ಈ ಕೊರತೆಯನ್ನು ಒಂದಿಷ್ಟು ತುಂಬಿದವು ಎಂಬುದನ್ನೂ ಹೇಳಲೇಬೇಕು.

ಅಂಬೇಡ್ಕರರ ಬರಹದ ಮಟ್ಟಿಗೆ ಇ-ಪುಸ್ತಕ ಮಾಡಿದ ಉಪಕಾರ ಸಣ್ಣದಲ್ಲ. ಮಹಾರಾಷ್ಟ್ರ ಸರ್ಕಾರ ವಸಂತ ಮೂನ್ ಅವರ ಸಂಪಾದಕತ್ವದಲ್ಲಿ 1979ರಿಂದ ತಂದ ಇಂಗ್ಲಿಷ್ ಸಂಪುಟಗಳು ಅಂಗಡಿಯಲ್ಲಿ ಸಿಗದ ಕಾಲವೇ ಹೆಚ್ಚು. ಅವನ್ನು ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯ ತನ್ನ ಜಾಲತಾಣದಲ್ಲಿ ಉಚಿತವಾಗಿ ಇರಿಸಿತು. 1913ರಿಂದ 1916ರವರೆಗೆ ಅವರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ 'ಜಾತಿ ವಿನಾಶ'ದ ಟಿಪ್ಪಣಿಸಹಿತ ಪಠ್ಯವನ್ನು ಪ್ರಕಟಿಸಿತು. ನಮ್ಮ ಕಾಯಿದೆಯಂತೆ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬಾಬಾಸಾಹೇಬರು 1956ರ ಡಿಸೆಂಬರ್ 6ರಂದು ತೀರಿಕೊಂಡರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2017ರ ಜನವರಿ 1ರಿಂದ ಎಲ್ಲರ ಸೊತ್ತು. ಆದರೆ ಇದು ಮೂಲಕ್ಕೆ ಮಾತ್ರ. ಅನುವಾದದ ಹಕ್ಕು ಅನುವಾದಕರದ್ದು, ಅದರ ಅವಧಿ ಬೇರೆ. ನನ್ನ ವಿದ್ಯಾರ್ಥಿ ಗುಂಪಿಗೆ ಹಾಕಿದ ಫೈಲಿನ ಮೇಲೆ ಯಾವ ಅನುಮತಿಯ ಗುರುತೂ ಇರಲಿಲ್ಲ. ಇಂಗ್ಲಿಷ್ ಬಲ್ಲವನಿಗೆ ಮುಕ್ತವಾಗಿ ಸಿಕ್ಕ ಅಂಬೇಡ್ಕರ್, ಕನ್ನಡ ಮಾತ್ರ ಬಲ್ಲವನಿಗೆ ಅನುಮತಿಯಿಲ್ಲದ ಪ್ರತಿಯಾಗಿಯೇ ಸಿಗಬೇಕಾಯಿತು.

4

ಓದುಗ ಎಂಬ ಒಬ್ಬನೇ ವ್ಯಕ್ತಿ ಎಲ್ಲೂ ಇಲ್ಲ. ನಾನು ಹತ್ತಿರದಿಂದ ಕಂಡ ಕೆಲವರನ್ನು ಇಟ್ಟುಕೊಂಡು ನೋಡುತ್ತೇನೆ.

ಹಾಸ್ಟೆಲಿನ ಹುಡುಗ. ಇವನಿಗೆ ಇ-ಪುಸ್ತಕ ನಿಜಕ್ಕೂ ವರ. ಟ್ರಂಕಿನಲ್ಲಿ ಜಾಗವಿಲ್ಲ, ಕೊಳ್ಳಲು ಕಾಸಿಲ್ಲ, ಫೋನು ಸ್ವಂತದ್ದು. ಕೈ ಎತ್ತಿದ ಆರರಲ್ಲಿ ನಾಲ್ವರು ಹಾಸ್ಟೆಲಿನವರೇ ಆಗಿದ್ದರು. ಒಬ್ಬ ಫೋನು ಹಿಡಿದು ಗಟ್ಟಿಯಾಗಿ ಓದುವುದು, ಮೂವರು ಕೇಳುವುದು, ಹೀಗೆ ಮುಗಿಸಿದ್ದರು.

ಮನೆಯಿಂದ ಬರುವ ಹುಡುಗಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಮನೆಗಳಲ್ಲಿ ಅಂತರ್ಜಾಲ ಇದ್ದದ್ದು ಶೇ. 14.9ರಲ್ಲಿ, ಪಟ್ಟಣಗಳಲ್ಲಿ ಶೇ. 42. ಆಮೇಲೆ ಇದು ಏರಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ತಾವೇ ಬಳಸುವ ಮೊಬೈಲು ಇದ್ದದ್ದು ಶೇ. 54ರಷ್ಟು ಮಂದಿಗೆ ಮಾತ್ರ. ಮನೆಯಲ್ಲಿ ಫೋನಿದೆ ಎಂದರೆ ಮಗಳ ಕೈಯಲ್ಲಿದೆ ಎಂದರ್ಥವಲ್ಲ. ಅಚ್ಚಿನ ಪುಸ್ತಕವನ್ನು ಅವಳು ಒಲೆಯ ಮುಂದೆ ಕೂತು ಓದಬಹುದು, ಯಾರೂ ಕೇಳರು. ಅದೇ ಫೋನು ಹಿಡಿದು ಕೂತರೆ? "ಯಾರ ಜೊತೆ ಮಾತು?" ಎಂಬ ಪ್ರಶ್ನೆ. ಅನುಮಾನ ಇಲ್ಲಿ ಪುಸ್ತಕದ ಮೇಲಲ್ಲ, ಅದು ಬಂದ ಡಬ್ಬಿಯ ಮೇಲೆ.

ಕಣ್ಣು ಕಾಣದ ಓದುಗ. ಅಚ್ಚಿನ ಪುಸ್ತಕ ಇವನಿಗೆ ಎಂದೂ ಒದಗಿರಲಿಲ್ಲ. ಹೆಚ್ಚು ಕ್ರಾಂತಿ ಆಗಬೇಕಾದದ್ದು ಇಲ್ಲಿ. ಕಾನೂನು ಇವನ ಪರವಾಗಿದೆ: 2012ರ ಹಕ್ಕುಸ್ವಾಮ್ಯ ತಿದ್ದುಪಡಿಯಂತೆ ಅಂಗವಿಕಲರ ಓದಿಗೆ ಪುಸ್ತಕವನ್ನು ಬೇರೆ ಮಾದರಿಗೆ ಬದಲಿಸಲು ಅಡ್ಡಿಯಿಲ್ಲ. ಇದೇ ಆಶಯದ ಮರ್ರಾಕೇಶ್ ಒಪ್ಪಂದ 2013ರಲ್ಲಿ ಆದಾಗ, 2014ರಲ್ಲಿ ಜಗತ್ತಿನಲ್ಲೇ ಮೊದಲಿಗೆ ಅದನ್ನು ಸ್ಥಿರೀಕರಿಸಿದ್ದು ಭಾರತ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಕನ್ನಡವನ್ನು ಓದಿ ಹೇಳುವ ತಂತ್ರಾಂಶಗಳು ಉಚಿತವಾಗಿಯೇ ಇವೆ. ಇಷ್ಟೆಲ್ಲ ಇದ್ದೂ ಪುಸ್ತಕವೇ ಚಿತ್ರವಾಗಿದ್ದರೆ ಯಂತ್ರ ಏನನ್ನು ಓದಬೇಕು? ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ವಿದ್ಯೆ ಕನ್ನಡಕ್ಕೂ ಬಂದಿದೆ. ಆದರೆ ಮಸುಕು ಅಚ್ಚಿನ ಒತ್ತಕ್ಷರದಲ್ಲಿ ಅದು ಎಡವುತ್ತದೆ. ಒಬ್ಬರು ಕೂತು ತಿದ್ದಬೇಕು. ಆ ವಿದ್ಯಾರ್ಥಿಗಾಗಿ ನಾವು ಐದು ಜನ ಪುಟ ಹಂಚಿಕೊಂಡು ತಿದ್ದಿದೆವು. ಹದಿನೆಂಟು ದಿನ ಹಿಡಿಯಿತು. ಆಮೇಲೆ ಅವನು ತರಗತಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರ ಸಾಲಲಿಲ್ಲ.

ಬಾಡಿಗೆ ಕೋಣೆಯ ನೌಕರ. ನಗರದಲ್ಲಿ ಜಾತಿ ಕೇಳಿ ಮನೆ ಕೊಡುತ್ತಾರೆಂಬುದು ಯಾರಿಗೆ ಗೊತ್ತಿಲ್ಲ? ನನಗೆ ಪರಿಚಯದ ಒಬ್ಬರು ಬೆಂಗಳೂರಲ್ಲಿ ಮನೆ ಬದಲಿಸುವಾಗ ಅಂಬೇಡ್ಕರ್ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಯ ತಳಕ್ಕೆ ಹಾಕುತ್ತಿದ್ದರು, ಮೇಲೆ ಪಾತ್ರೆ. ಈಗ ಎಲ್ಲ ಫೋನಿನಲ್ಲಿದೆ. ಇ-ಪುಸ್ತಕಕ್ಕೆ ರಟ್ಟಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಏನು ಓದುತ್ತಿದ್ದಾರೆಂದು ಕಾಣದು. ಇದು ರಕ್ಷಣೆ ಹೌದು, ಸೋಲೂ ಹೌದು. ನೀಲಿ ರಟ್ಟಿನ ಪುಸ್ತಕವನ್ನು ಎದೆಗೊತ್ತಿ ಹಿಡಿದು ನಡೆಯುವುದೇ ಒಂದು ಹೇಳಿಕೆಯಾಗಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇನ್ನೂ ಒಂದು ಮಾತಿದೆ. ಪಕ್ಕದವನಿಗೆ ಕಾಣದ್ದು ಪುಸ್ತಕ ಮಾರಿದ ಕಂಪನಿಗೆ ಕಾಣುತ್ತದೆ. ಯಾವ ಪುಟದಲ್ಲಿ ನಿಂತೆವು, ಎಲ್ಲಿ ಗೆರೆ ಎಳೆದೆವು ಎಂಬುದೆಲ್ಲ ಅದರ ಕಣಜಕ್ಕೆ ಹೋಗಬಲ್ಲುದು.

ಮಗು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಕನ್ನಡವೂ ಸೇರಿ ಬಹಳ ಭಾಷೆಗಳಲ್ಲಿ ಉಚಿತ. ಮುಖ್ಯ ಸಂಗತಿಯೆಂದರೆ ಅವುಗಳ ಪರವಾನಗಿಯೂ ಮುಕ್ತ; ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ತಮ್ಮ ನುಡಿಗೆ ತಿರುಗಿಸಬಹುದು. ನನ್ನ ಅಕ್ಕನ ಮಗನಿಗೆ ಅಲ್ಲಿಯ ಕಥೆಯೊಂದನ್ನು ನಮ್ಮ ಕೇರಿಯ ಮಾತಿಗೆ ತಿರುಗಿಸಿ ಓದಿದೆ. "ಪುಸ್ತಕಕ್ಕೂ ಹಿಂಗೇ ಮಾತಾಡಕ್ಕೆ ಬತ್ತದಾ?" ಅಂದ. ಗ್ರಂಥಸ್ಥ ಕನ್ನಡ ನಮ್ಮ ಮಕ್ಕಳಿಗೆ ಮಾಡುವ ಮೊದಲ ಅವಮಾನ ಯಾವುದೆಂದು ಆ ಪ್ರಶ್ನೆಯಲ್ಲೇ ಇದೆ.

5

ಉಚಿತ ಎಂದ ಕೂಡಲೆ ಕುಣಿಯುವಂತಿಲ್ಲ. ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ನೋಡಬೇಕು.

ಕಂಪನಿಯಿಂದ ದುಡ್ಡು ಕೊಟ್ಟು ಪಡೆದ ಇ-ಪುಸ್ತಕ ಹೆಚ್ಚಿನ ಸಂದರ್ಭದಲ್ಲಿ ನಮ್ಮದಲ್ಲ. ನಮಗೆ ಸಿಗುವುದು ಓದುವ ಅಪ್ಪಣೆ ಮಾತ್ರ. ಗೆಳತಿಗೆ ಕೊಡುವಂತಿಲ್ಲ, ಹಳೇ ಪುಸ್ತಕದಂಗಡಿಗೆ ಹಾಕುವಂತಿಲ್ಲ. 2009ರಲ್ಲಿ ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್ ಯಂತ್ರಗಳಿಂದ ಕೊಂಡ ಪುಸ್ತಕಗಳನ್ನೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಅದು ಕೊಟ್ಟ ಕಾರಣ. ಆ ಪುಸ್ತಕಗಳು ಜಾರ್ಜ್ ಆರ್ವೆಲ್‌ನವು, ಅವುಗಳಲ್ಲಿ ಒಂದು '1984'. ಆಮೇಲೆ ಕಂಪನಿ ಕ್ಷಮೆ ಕೇಳಿತು. ಕ್ಷಮೆ ಮುಖ್ಯವಲ್ಲ, ಕೈ ಚಾಚಿದರೆ ನಮ್ಮ ಮನೆಯೊಳಗಿನ ಪುಸ್ತಕ ಅವರಿಗೆ ಎಟುಕುತ್ತದೆ ಎಂಬುದು ಮುಖ್ಯ. ಓದಿನಿಂದ ಸಾವಿರಾರು ವರ್ಷ ಹೊರಗಿಟ್ಟ ಸಮುದಾಯಗಳಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಬದಿಯೂ ಇದೆ, ಅದು ನಮ್ಮೊಳಗಿನದು. ಡಿಸೆಂಬರ್ 6ರಂದು ಮುಂಬೈಯ ಚೈತ್ಯಭೂಮಿಯ ಸುತ್ತ ಸಾಲುಗಟ್ಟುವ ಪುಸ್ತಕದ ಅಂಗಡಿಗಳನ್ನು ನೋಡಿದವರಿಗೆ, ದಲಿತ ಪ್ರಕಾಶನ ಎಂಬುದು ಯಾವ ಜನರ ಯಾವ ಕಾಸಿನಿಂದ ನಿಂತಿದೆ ಎಂದು ಗೊತ್ತು. ನಮ್ಮಲ್ಲೂ ಸಂಘಟನೆಯ ಸಮಾವೇಶದ ಬದಿಯಲ್ಲಿ ಟಾರ್ಪಾಲು ಹಾಸಿ ಪುಸ್ತಕ ಮಾರುವವರಿದ್ದಾರೆ. ಬದುಕಿರುವ ದಲಿತ ಲೇಖಕಿಯ ಹೊಸ ಕವನ ಸಂಕಲನ ವಾರದೊಳಗೆ ವಾಟ್ಸಾಪಿನಲ್ಲಿ ಹರಿದಾಡಿದರೆ ಸೊರಗುವುದು ದೊಡ್ಡ ಕಂಪನಿಯಲ್ಲ, ಈ ಟಾರ್ಪಾಲು. ನಾನೇ ಹೀಗೆ ಬಂದ ಫೈಲುಗಳನ್ನು ಓದಿದ್ದೇನೆ, ಹಂಚಿದ್ದೇನೆ. ಬೀರುವಿನ ಬೀಗ ಮುರಿಯುವುದೂ ನಮ್ಮವರದೇ ಅಂಗಡಿಯಿಂದ ಎತ್ತಿಕೊಂಡು ಬರುವುದೂ ಒಂದೇ ಅಲ್ಲವೆಂದು ಈಗ ಅನ್ನಿಸುತ್ತದೆ.

ಇದಕ್ಕೊಂದು ದಾರಿಯನ್ನು ಕನ್ನಡವೇ ತೋರಿಸಿತು. ದೇವನೂರ ಮಹಾದೇವ ಅವರು 2022ರಲ್ಲಿ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಎಂಬ ಕಿರುಹೊತ್ತಗೆಯನ್ನು ಒಬ್ಬ ಪ್ರಕಾಶಕರಿಗೆ ಕಟ್ಟಿಹಾಕಲಿಲ್ಲ. ಹಲವು ಪ್ರಕಾಶಕರು ಒಟ್ಟಿಗೇ ಅಚ್ಚು ಹಾಕಿದರು, ಬೆಲೆಯೂ ಕಡಿಮೆ. ಅದರ ರಾಜಕೀಯದ ಬಗ್ಗೆ ಯಾರಿಗೆ ಏನೇ ತಕರಾರಿರಲಿ, ಪ್ರಕಾಶನದ ಪಾಠ ಸ್ಪಷ್ಟ. ಅದು ಹಳ್ಳಿ ಹಳ್ಳಿ ಮುಟ್ಟಲು ಕಾರಣ ಯಂತ್ರವಲ್ಲ, ಹಂಚುವ ರೀತಿಯ ಬಗ್ಗೆ ಲೇಖಕ ಮೊದಲೇ ಮಾಡಿದ ತೀರ್ಮಾನ. ಕೊಡುವವರು ತಾವಾಗಿ ಕೊಟ್ಟದ್ದು ಮುಕ್ತ, ಕೇಳದೆ ತೆಗೆದುಕೊಂಡದ್ದು ಮುಕ್ತವಲ್ಲ.

6

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಎದ್ದ ಪ್ರಶ್ನೆ ಪುಸ್ತಕದೊಳಗೆ ಏನಿದೆ ಎಂಬುದು. ಅಲ್ಲಿಂದ ದಲಿತ ವಿಮರ್ಶೆ ಯಾರು ಬರೆದರು, ಯಾರ ಅನುಭವ, ಯಾರ ಭಾಷೆ ಎಂದು ಕೇಳುತ್ತ ಬಂದಿದೆ. ಯಾವ ರೂಪದಲ್ಲಿ, ಯಾರ ಕೈಗೆ, ಯಾರ ಅಪ್ಪಣೆಯಿಂದ ಎಂಬುದನ್ನೂ ಇನ್ನು ಅದು ಕೇಳಬೇಕು. ಇದನ್ನು ಗ್ರಂಥಾಲಯ ವಿಜ್ಞಾನಕ್ಕೆ ಬಿಟ್ಟು ಕೂರುವಂತಿಲ್ಲ.

ಕೆಲಸಗಳು ದೊಡ್ಡವೇನಲ್ಲ. ನಮ್ಮ ಲೇಖಕರು ಅಚ್ಚಿಗೆ ಕೊಡುವಾಗಲೇ ಯೂನಿಕೋಡ್ ಕಡತವನ್ನು ಕೇಳಿ ಪಡೆದು ಎರಡು ಕಡೆ ಇಟ್ಟುಕೊಳ್ಳಬೇಕು. ಸರ್ಕಾರದ ದುಡ್ಡಿನಲ್ಲಿ ಅನುವಾದವಾದ ಅಂಬೇಡ್ಕರ್ ಸಂಪುಟಗಳು ಚಿತ್ರವಾಗಿ ಅಲ್ಲ, ಹರಿಯುವ ಅಕ್ಷರವಾಗಿ, ಉಚಿತವಾಗಿ ಸಿಗಬೇಕೆಂದು ಒತ್ತಾಯಿಸಬೇಕು. 2020ರಲ್ಲಿ ನಮ್ಮ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯ ತೆರೆಯಿತು; ಗ್ರಾಮ ಪಂಚಾಯಿತಿಗಳ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂದು ಹೆಸರಾಯಿತು. ಅಲ್ಲಿನ ಕಂಪ್ಯೂಟರಿನ ಮುಂದೆ ಕೇರಿಯ ಹುಡುಗಿ ಕೂರಬಹುದೇ, ಅಲ್ಲಿನ ಪಟ್ಟಿಯಲ್ಲಿ ದಲಿತ ಸಾಹಿತ್ಯ ಎಷ್ಟಿದೆ ಎಂದು ನೋಡಿ ಬರೆಯುವುದೂ ವಿಮರ್ಶೆಯೇ.

ಕೊನೆಗೆ ನಮ್ಮವ್ವನ ಮಾತು. ಅವಳಿಗೆ ಓದು ಬಾರದು. 'ವೀಸಾಗಾಗಿ ಕಾಯುತ್ತಾ' ಎಂದು ಹೆಸರಾದ ಅಂಬೇಡ್ಕರರ ನೆನಪುಗಳನ್ನು ನಾನು ಕನ್ನಡಕ್ಕೆ ಮಾಡಿಕೊಂಡದ್ದು ಫೋನಿನಲ್ಲಿತ್ತು. ಒಂದು ಸಂಜೆ ಫೋನಿಗೇ ಓದಲು ಹೇಳಿ ಅವಳ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ಕೇಳಿ, "ಯಾರವ್ವ ಈ ಹೆಂಗ್ಸು, ಉಸ್ರೇ ತಗೊಳಲ್ವಲ್ಲ. ನೀನೇ ಓದು" ಅಂದಳು. ಓದಿದೆ. ಬಾಲಕ ಭೀಮರಾವ್ ಅಣ್ಣನೊಂದಿಗೆ ಎತ್ತಿನ ಗಾಡಿಯಲ್ಲಿ ಗೋರೆಗಾಂವಿಗೆ ಹೋಗುವುದು, ಬುತ್ತಿಯಲ್ಲಿ ಊಟವಿದ್ದರೂ ಕುಡಿಯಲು ಯಾರೂ ನೀರು ಕೊಡದೆ ಹಸಿದೇ ರಾತ್ರಿ ಕಳೆಯುವುದು. ಅವ್ವ ತಡೆದಳು. "ನಿಮ್ಮಜ್ಜಿಗೂ ಹಿಂಗೇ ಆಗಿತ್ತು, ಸಂತೆಗೋಗಿ ಬರ್ವಾಗ" ಎಂದು ಶುರುಮಾಡಿ, ನಾನು ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರದ ಕಥೆಯೊಂದನ್ನು ಹೇಳಿದಳು. ಫೋನು ಕೈಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟು ಒಂದು ನೋಟ್‌ಬುಕ್ ತಂದು ಬರೆದುಕೊಳ್ಳತೊಡಗಿದೆ.